ಡಾಕ್ಟರಿಗೂ ಒಂದು ಮನೆಯಿದೆ

ಹೋದ ವರ್ಷ ರಮಝಾನ್‌ಗೆ ಹದಿನೈದು ದಿನ ಇರುವಾಗ ಉಮ್ಮನನ್ನು ಕರೆದುಕೊಂಡು ನಮ್ಮ ಪೇಟೆಯ ಡಾಕ್ಟರರ ಕ್ಲಿನಿಕ್‌ಗೆ ಹೋಗಿದ್ದೆ. ಉಮ್ಮನಿಗೆ ಶುಗರ್ ಇದೆ. ಪ್ರತಿ ವರ್ಷ ಉಪವಾಸಕ್ಕೆ ಮೊದಲು ಅವರೇ ಮಾತ್ರೆಯ ಹೊತ್ತು ಬದಲಿಸಿ ಕೊಡುತ್ತಿದ್ದರು. ಇಫ್ತಾರ್‌ಗೆ ಯಾವುದು, ಸಹರಿಗೆ ಯಾವುದು, ಶುಗರ್ ಎಷ್ಟಕ್ಕೆ ಇಳಿದರೆ ಉಪವಾಸ ಬಿಡಬೇಕು ಎಂದು ಬ್ಯಾರಿ ಭಾಷೆಯಲ್ಲೇ ಹೇಳುತ್ತಿದ್ದರು. ಅವರ ಮನೆಮಾತು ಕೊಂಕಣಿ. ಬ್ಯಾರಿ ಕಲಿತದ್ದು ನಮ್ಮ ಹೆಂಗಸರ ನೋವು ಕೇಳಿ ಕೇಳಿ.

ಆ ದಿನ ಚೀಟಿ ಬರೆದುಕೊಟ್ಟು, "ಉಸ್ತಾದರೇ, ಮುಂದಿನ ವರ್ಷಕ್ಕೆ ಬೇರೆ ಡಾಕ್ಟರನ್ನು ನೋಡಿಕೊಳ್ಳಿ. ನಾವು ಇಂಗ್ಲೆಂಡಿಗೆ ಹೊರಟಿದ್ದೇವೆ" ಅಂದರು. ರೋಗಿಗಳನ್ನು ನೋಡುತ್ತಲೇ ಎರಡು ವರ್ಷ ಓದಿ, ಅಲ್ಲಿನ ಪ್ಲ್ಯಾಬ್ ಪರೀಕ್ಷೆ ಪಾಸು ಮಾಡಿದ್ದರಂತೆ.

"ಸಂಬಳ ಜಾಸ್ತಿ ಇರಬೇಕಲ್ಲ ಡಾಕ್ಟರೇ?" ಎಂದೆ.

"ದುಡ್ಡು ಇಲ್ಲೂ ಸಾಕು. ಮಗಳಿಗೆ ಒಂಬತ್ತು ವರ್ಷ ಆಯ್ತು. ಅವಳ ಜೊತೆ ಕೂತು ರಾತ್ರಿ ಊಟ ಮಾಡಿದ್ದನ್ನು ಬೆರಳಲ್ಲಿ ಎಣಿಸಬಹುದು" ಅಂದರು.

ನನಗೆ ಮಾತು ಬರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ ಎರಡು, ಸಂಜೆ ಐದಕ್ಕೆ ಮತ್ತೆ ಬಂದರೆ ರಾತ್ರಿ ಒಂಬತ್ತು. ಮಳೆಗಾಲದ ಜ್ವರದ ಸಮಯದಲ್ಲಿ ಅದಕ್ಕೂ ಲೆಕ್ಕವಿಲ್ಲ. ಮನೆಗೆ ಹೋದ ಮೇಲೆ ಫೋನ್. ರಾತ್ರಿ ಹನ್ನೊಂದಕ್ಕೆ ಮಗುವಿನ ನೆಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಔಷಧಿ ಕೇಳಿದವರಲ್ಲಿ ನಾನೂ ಒಬ್ಬ.

ಹೋಗುವುದು ನಮ್ಮ ಡಾಕ್ಟರರು ಮಾತ್ರವಲ್ಲ. ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಶುರುವಾದದ್ದು 1948ರಲ್ಲಿ. ಭಾರತ, ಪಾಕಿಸ್ತಾನಗಳಿಂದ ಹೋದ ವೈದ್ಯರು ಅದನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತರು. ಅಲ್ಲಿ ಫ್ಯಾಮಿಲಿ ಡಾಕ್ಟರನ್ನು ಜಿ.ಪಿ. ಅಂತಾರೆ. ಒಬ್ಬ ರೋಗಿಗೆ ಸಾಮಾನ್ಯವಾಗಿ 10 ನಿಮಿಷ. ದಿನಕ್ಕೆ 25ಕ್ಕಿಂತ ಹೆಚ್ಚು ರೋಗಿಗಳನ್ನು ನೋಡುವುದು ಸುರಕ್ಷಿತವಲ್ಲ ಎಂದು ಅಲ್ಲಿನ ವೈದ್ಯರ ಸಂಘವೇ ಹೇಳುತ್ತದೆ. ಆದರೂ ಎಷ್ಟೋ ಕಡೆ ಆ ಗೆರೆ ದಾಟುತ್ತದೆ. ಹಾಗಾಗಿ ಅಲ್ಲಿನ ಜಿ.ಪಿ.ಗಳು ಆಸ್ಟ್ರೇಲಿಯಾ, ನ್ಯೂಝಿಲ್ಯಾಂಡ್ ಕಡೆ ಹೊರಟಿದ್ದಾರೆ. ಆಸ್ಟ್ರೇಲಿಯಾದ ಮೆಡಿಕೇರ್‌ನಲ್ಲಿ 20 ನಿಮಿಷ ದಾಟಿದ ತಪಾಸಣೆಗೆ ಬೇರೆಯೇ ದರವಿದೆ. ರೋಗಿಯ ಮಾತು ಪೂರ್ತಿ ಕೇಳಿದರೆ ವೈದ್ಯನಿಗೆ ನಷ್ಟವಾಗಬಾರದು ಎಂಬ ಲೆಕ್ಕ. 2024ರ ಅಕ್ಟೋಬರ್‌ನಲ್ಲಿ ಬ್ರಿಟನ್, ಐರ್ಲೆಂಡ್, ನ್ಯೂಝಿಲ್ಯಾಂಡ್‌ನ ಜಿ.ಪಿ.ಗಳಿಗೆ ಅಲ್ಲಿ ಬೇಗ ನೋಂದಣಿಯಾಗುವ ದಾರಿಯೂ ತೆರೆಯಿತು.

ಅಲ್ಲೂ ಎಲ್ಲ ಸುಲಭವಿಲ್ಲ. ಹೊರದೇಶದಲ್ಲಿ ಕಲಿತ ವೈದ್ಯರು ಸಾಮಾನ್ಯವಾಗಿ 10 ವರ್ಷ, ವೈದ್ಯರ ಕೊರತೆ ಇರುವ ಪ್ರದೇಶದಲ್ಲೇ ಕೆಲಸ ಮಾಡಬೇಕು. ಇಲ್ಲದಿದ್ದರೆ ಮೆಡಿಕೇರ್ ಹಣ ಸಿಗದು. ಅಂದರೆ ಸಿಡ್ನಿಯ ಕನಸು ಕಂಡವರು ಮೊದಲು ಅಲ್ಲಿನ ಹಳ್ಳಿ ನೋಡಬೇಕು.

ಬ್ರಿಟನ್ನಿನವರು ಆಸ್ಟ್ರೇಲಿಯಾಕ್ಕೆ, ನಮ್ಮವರು ಬ್ರಿಟನ್ನಿಗೆ. ಈ ಸಾಲಿನ ಕೊನೆಯಲ್ಲಿ ಖಾಲಿಯಾಗುವುದು ನಮ್ಮ ಪೇಟೆಯ ಕ್ಲಿನಿಕ್. ಶ್ರೀಮಂತ ದೇಶಗಳು ವೈದ್ಯರ ಕೊರತೆ ಇರುವ ದೇಶಗಳಿಂದ ಸೆಳೆದುಕೊಳ್ಳದೆ ತಮ್ಮ ವೈದ್ಯರನ್ನು ತಾವೇ ತಯಾರು ಮಾಡಿಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಒಂದು ಸಂಹಿತೆ ಮಾಡಿದೆ. ಆದರೆ ಪಾಲಿಸಲೇಬೇಕೆಂಬ ಕಡ್ಡಾಯ ಇಲ್ಲ. ವೈದ್ಯರಿಗೆ ಹೋಗುವ ಹಕ್ಕಿದೆ ಎಂಬುದನ್ನೂ ಅದು ಒಪ್ಪುತ್ತದೆ.

ಹೋದವರನ್ನು ದೂರಲು ನಮಗೆ ಬಾಯಿಲ್ಲ. ಗಲ್ಫ್‌ಗೆ ಹೋದವರಿಲ್ಲದ ಬ್ಯಾರಿ ಮನೆ ಎಷ್ಟಿದೆ? ವ್ಯತ್ಯಾಸ ಒಂದೇ. ನಮ್ಮವರು ಮನೆ ನಡೆಸಲು ಮನೆ ಬಿಟ್ಟು ಹೋದರು. ಈ ಡಾಕ್ಟರು ಮನೆಯವರ ಜೊತೆ ಇರಲಿಕ್ಕೆಂದೇ ಊರು ಬಿಟ್ಟರು.

ಈ ವರ್ಷ ರಮಝಾನ್‌ಗೆ ಮೊದಲು ಉಮ್ಮನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯುವ ಡಾಕ್ಟರು, ಒಳ್ಳೆಯವರೇ. ಹಳೆಯ ಚೀಟಿ ಕೇಳಿದರು. ನಮ್ಮಲ್ಲಿ ಇರಲಿಲ್ಲ. ಉಮ್ಮನ ಹದಿನೆಂಟು ವರ್ಷದ ಕಾಯಿಲೆಯ ಲೆಕ್ಕ ಇದ್ದದ್ದು ಆ ಡಾಕ್ಟರರ ತಲೆಯಲ್ಲಿ. ಎಂಟನೆಯ ಉಪವಾಸದ ಅಸರ್ ಹೊತ್ತಿಗೆ ಉಮ್ಮನಿಗೆ ಮೈಯೆಲ್ಲ ಬೆವರಿ ಕೈ ನಡುಗತೊಡಗಿತು. ಉಪವಾಸ ಬಿಡಲು ಒಪ್ಪುತ್ತಿರಲಿಲ್ಲ. "ಡಾಕ್ಟರು ಹೇಳಿದ್ದು ನೆನಪಿಲ್ವಾ ಉಮ್ಮ?" ಎಂದು ಹಳೆಯ ಡಾಕ್ಟರರ ಹೆಸರು ಹೇಳಿದ ಮೇಲೆ ಸಕ್ಕರೆ ನೀರು ಕುಡಿದರು. ಅಲ್‌ಹಮ್ದುಲಿಲ್ಲಾಹ್, ಸುಧಾರಿಸಿದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಫೈಲ್ ಇದೆ. ಚೀಟಿ, ರಕ್ತದ ರಿಪೋರ್ಟ್, ಮಾತ್ರೆಯ ಹೆಸರು ಎಲ್ಲ ಅದರಲ್ಲಿ. ನಿಮ್ಮ ಮನೆಯ ಹಿರಿಯರಿಗೂ ಇಂದೇ ಒಂದು ಮಾಡಿಡಿ. ಊರಲ್ಲಿ ಇನ್ನೂ ಉಳಿದಿರುವ ಡಾಕ್ಟರನ್ನು ಉಳಿಸಿಕೊಳ್ಳುವುದರಲ್ಲಿ ನಮ್ಮ ಪಾಲೂ ಇದೆ. ಬೆಳಗಿನ ತನಕ ಕಾಯಬಹುದಾದ ನೆಗಡಿಗೆ ರಾತ್ರಿ ಫೋನ್ ಬೇಡ. ಫೋನಲ್ಲಿ ಔಷಧಿ ಕೇಳಿದರೆ ಅದರ ಫೀಸನ್ನೂ ಕೊಡಿ. ಭಾನುವಾರ ಬಾಗಿಲು ಹಾಕಿದ್ದರೆ ಬೈಯಬೇಡಿ. ಒಳಗೆ ಅವರು ಮಗಳ ಜೊತೆ ಊಟಕ್ಕೆ ಕೂತಿರಬಹುದು.