ಬೆಳೆಗೆ ನಾಲ್ಕು ದಿನ, ವರ್ಷಕ್ಕೆ ಎಷ್ಟು?

ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಿ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆ ಹುಳುವಿಗೆ ಹಗಲು ರಾತ್ರಿ ಎಂಬುದಿಲ್ಲ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕಿಂತ ಹೆಚ್ಚನ್ನು ಅದು ಈ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಹುಳು ಹಣ್ಣಾಗಿ ಚಂದ್ರಂಕಿಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವ ದಿನವಂತೂ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲದು. ಆಗ ಹತ್ತು ವರ್ಷದ ಹುಡುಗಿಯ ಕೈಯೂ ಬೇಕೆನಿಸುತ್ತದೆ. ‘ಎರಡು ದಿನ ತಾನೇ, ಆಮೇಲೆ ಹೋಗ್ತಾಳೆ ಬಿಡಿ’ ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದರಾಯಿತು. ಚಿಂತಾಮಣಿಯ ಕಡೆ ಟೊಮೆಟೊ ಕೊಯ್ಲಿಗೆ, ಗೌರಿಬಿದನೂರಿನಲ್ಲಿ ಮುಸುಕಿನ ಜೋಳ ಮುರಿಯುವಾಗ, ಚಿಕ್ಕಬಳ್ಳಾಪುರದ ಹೂವಿನ ತೋಟಗಳಲ್ಲಿ ಹಬ್ಬದ ಮುಂಚೆ, ಹೀಗೆ ಎಲ್ಲ ಕಡೆಯೂ ಇದೇ ಮಾತು.

ಈ ಎರಡು ದಿನಗಳ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. 6ರಿಂದ 8ಕ್ಕೆ 220 ದಿನ, 1,000 ಗಂಟೆ. ವರ್ಷಕ್ಕೆ ಐದು ರೇಷ್ಮೆ ಬೆಳೆ ತೆಗೆಯುವ ಮನೆಯೊಂದು, ಎರಡು ದಿನ ಎಂದದ್ದು ನಾಲ್ಕಾಗಿ, ಬೆಳೆಗೆ ನಾಲ್ಕು ದಿನ ಮಗುವನ್ನು ಉಳಿಸಿಕೊಂಡರೆ ಅಲ್ಲಿಗೇ 20 ದಿನ ಹೋಯಿತು. ಅದರ ಮೇಲೆ ಜಾತ್ರೆ, ಮದುವೆ, ಜ್ವರ ನೆಗಡಿ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಪಾಠ ಮಗುವಿನ ಕೈಬಿಟ್ಟಿತು. ಆದರೂ ಆ ಮನೆಯವರನ್ನು ಕೇಳಿದರೆ, ನಮ್ಮ ಮಗು ಶಾಲೆ ಬಿಟ್ಟಿಲ್ಲ ಎಂದೇ ಹೇಳುತ್ತಾರೆ. ಅದು ಸುಳ್ಳೂ ಅಲ್ಲ.

ಸರ್ಕಾರದ ನಿಯಮ ದೊಡ್ಡ ಗೈರುಹಾಜರಿಯನ್ನು ಹಿಡಿಯುತ್ತದೆ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ರಾಜ್ಯ ಹೈಕೋರ್ಟ್ 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡ ಮೇಲೆ, ಅನುಮತಿಯಿಲ್ಲದೆ ಸತತ 7 ದಿನ ಬಾರದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ಪರಿಗಣಿಸುವ ಕ್ರಮ ಕರ್ನಾಟಕದಲ್ಲಿ ಬಂತು. ಆಗ ಶಿಕ್ಷಕರು ಮನೆಗೆ ಬರಬೇಕು, ಕಾರಣ ಕೇಳಬೇಕು, ಮಗುವನ್ನು ಮರಳಿ ಕರೆತರಬೇಕು. ಒಳ್ಳೆಯ ನಿಯಮವೇ. ಆದರೆ ಮೂರು ಮೂರು, ನಾಲ್ಕು ನಾಲ್ಕು ದಿನ ತಪ್ಪಿಸಿಕೊಳ್ಳುವ ಮಗು ಈ ಬಲೆಗೆ ಬೀಳುವುದಿಲ್ಲ. ಆ ದಿನಗಳನ್ನು ಎಣಿಸಬೇಕಾದವರು ತಂದೆ ತಾಯಿಯೇ. ಗೋಡೆಯ ಕ್ಯಾಲೆಂಡರಿನಲ್ಲಿ ಚಾಕಿ ಹುಳು (ಮರಿ ಹುಳು) ತಂದ ತಾರೀಕನ್ನು ಗುರುತು ಹಾಕುವವರು ಅದರ ಪಕ್ಕದಲ್ಲೇ ಮಗು ಶಾಲೆ ತಪ್ಪಿಸಿದ ದಿನವನ್ನೂ ಗುರುತು ಹಾಕಿದರೆ ಸಾಕು, ವರ್ಷದ ಕೊನೆಗೆ ಸತ್ಯ ಎದುರಿಗಿರುತ್ತದೆ.

ಒಂದರಿಂದ ಮೂರನೇ ತರಗತಿಯವರೆಗೆ ಗೈರುಹಾಜರಿಯ ಪೆಟ್ಟು ಸ್ವಲ್ಪ ಕಡಿಮೆ. ಕಾರಣ ನಲಿ–ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಆರಂಭವಾದ ಈ ಪದ್ಧತಿಯ ಬೇರು ನಮಗೆ ಹತ್ತಿರದ್ದೇ: ಚಿಂತಾಮಣಿಯಿಂದ ಹೊರಟ ರಸ್ತೆ ಮುಟ್ಟುವ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಅದನ್ನು ಕನ್ನಡಕ್ಕೆ ಒಗ್ಗಿಸಿದರು. ಇದರಲ್ಲಿ ಇಡೀ ತರಗತಿಗೆ ಒಂದೇ ಪಾಠ ಎಂಬುದಿಲ್ಲ. ಕಲಿಕಾ ಏಣಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಮೆಟ್ಟಿಲು, ತನ್ನದೇ ಕಾರ್ಡು. ನಾಲ್ಕು ದಿನ ಬಿಟ್ಟು ಬಂದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಈ ಆಸರೆ ಇಲ್ಲ. ಪಠ್ಯಪುಸ್ತಕ ಎಲ್ಲರನ್ನೂ ಒಟ್ಟಿಗೆ ಎಳೆದುಕೊಂಡು ಹೋಗುತ್ತದೆ. ಭಾಗಾಕಾರ ಹೇಳಿಕೊಟ್ಟ ವಾರ ಬಾರದವನಿಗೆ ಭಿನ್ನರಾಶಿ ಹತ್ತುವುದಿಲ್ಲ. ದುರದೃಷ್ಟವೆಂದರೆ ಮಗು ಮನೆಗೆಲಸಕ್ಕೆ ಕೈಜೋಡಿಸುವ ವಯಸ್ಸೂ ಇದೇ, ಒಂಬತ್ತು ಹತ್ತು. ನಾಲ್ಕು, ಐದನೇ ತರಗತಿಯ ಈ ಎರಡು ವರ್ಷ ಗಟ್ಟಿಯಾಗಿ ಹಿಡಿದರೆ ಮುಂದಿನ ಅರ್ಧ ದಾರಿ ಕಳೆದಂತೆ. ಮನೆಯಲ್ಲಿ ತೆಲುಗು ಅಥವಾ ಉರ್ದು ಆಡುವ ಮಕ್ಕಳು ಕನ್ನಡ ಶಾಲೆಗೆ ಬಂದರೆ ಅವರಿಗೆ ಇನ್ನೂ ಹೆಚ್ಚು ಎಚ್ಚರ ಬೇಕು. ಕನ್ನಡ ಅವರ ಕಿವಿಗೆ ಬೀಳುವ ಮುಖ್ಯ ಜಾಗವೇ ಶಾಲೆ.

ಇನ್ನು ದಿನಚರಿ. ಬಹುಪಾಲು ಸರ್ಕಾರಿ ಶಾಲೆಗಳಲ್ಲಿ ಹತ್ತು ಗಂಟೆಯೊಳಗೆ ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆಯ ಓದು. ಸಂಜೆ ನಾಲ್ಕು ದಾಟಿದ ಮೇಲೆ ಬಿಡುವ ಗಂಟೆ. ಶನಿವಾರ ಬೆಳಗಿನ ಶಾಲೆ. ನಿಮ್ಮೂರಿನ ಖಚಿತ ವೇಳೆ ಶಾಲೆಯ ಗೋಡೆಯ ಮೇಲಿರುತ್ತದೆ, ಬರೆದುಕೊಳ್ಳಿ. ಹಾಜರಿ ದಿನಕ್ಕೆ ಎರಡು ಸಲ: ಬೆಳಗ್ಗೆ ಒಮ್ಮೆ, ಊಟದ ನಂತರ ಒಮ್ಮೆ. ಮಧ್ಯಾಹ್ನ ಮಗುವನ್ನು ಕರೆದುಕೊಂಡು ಹೋದರೆ ಅರ್ಧ ದಿನದ ಕಲಿಕೆ ನಷ್ಟ. ಬೆಳಿಗ್ಗೆ ಎದ್ದು ಸೊಪ್ಪು ಕೊಯ್ಯಲು ತೋಟಕ್ಕೆ ಹೋದ ಮಗು ಸುಸ್ತಾಗಿ ತಡವಾಗಿ ಬಂದು ಕೂರುವುದು ನಮ್ಮ ಭಾಗದ ಶಿಕ್ಷಕರಿಗೆ ಹೊಸದಲ್ಲ. ಅಂಥ ಮಗುವಿಗೆ ಹಾಜರಿ ಬಿದ್ದರೂ ಪಾಠ ತಲೆಗೆ ಹೋಗುವುದಿಲ್ಲ. ರಾತ್ರಿ ಬೇಗ ಮಲಗಿಸುವುದು ಕೂಡ ಹಾಜರಿಯ ಭಾಗವೇ.

ಊಟದ ಚಿಂತೆ ಬೇಡ. 2013ರ ಆಗಸ್ಟಿನಲ್ಲಿ ಬಂದ ಕ್ಷೀರಭಾಗ್ಯದ ಬಿಸಿ ಹಾಲು, ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್, ಅಕ್ಷರ ದಾಸೋಹದ ಬಿಸಿಯೂಟ ಶಾಲೆಯಲ್ಲೇ ಇವೆ. 2024ರಿಂದ ವಾರದ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಬೆಳೆಯುವ ಮಗುವಿಗೆ ಇದು ಸಣ್ಣ ವಿಷಯವಲ್ಲ.

ಶಾಲೆಯ ಬೆಲೆ ಈ ಜಿಲ್ಲೆಗೆ ಹೊಸದಲ್ಲ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲೇ, ಮೈಸೂರು ಸಂಸ್ಥಾನದ ಆಯ್ದ ಊರುಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಬಂತು. ಆದರೂ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ 1935ರಲ್ಲಿ ಪ್ರೌಢಶಾಲೆ ಓದಲು ಬೆಂಗಳೂರಿಗೆ ಎರಡು ದಿನ ನಡೆದೇ ಹೋಗಬೇಕಾಯಿತು. ಬಸ್ಸಿಗೆ ದುಡ್ಡಿರಲಿಲ್ಲ. ಅವರೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಈಗ ಕಿರಿಯ ಪ್ರಾಥಮಿಕ ಶಾಲೆ 1 ಕಿ.ಮೀ. ಒಳಗೆ, ಹಿರಿಯ ಪ್ರಾಥಮಿಕ ಶಾಲೆ 3 ಕಿ.ಮೀ. ಒಳಗೆ ಇರಬೇಕೆಂಬುದು ನಿಯಮ.

ದಾಖಲಾತಿಯ ಬಗ್ಗೆ ಕೆಲವು ಮಾತು. 2026–27ರಿಂದ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು. ಜನನ ಪ್ರಮಾಣಪತ್ರ ಇಲ್ಲ, ವರ್ಗಾವಣೆ ಪತ್ರ ಬಂದಿಲ್ಲ, ಜೂನ್ ದಾಟಿತು ಎಂದು ಹೇಳಿ 6ರಿಂದ 14 ವರ್ಷದ ಮಗುವನ್ನು ಹಿಂದೆ ಕಳಿಸುವಂತಿಲ್ಲ. ನೂಲು ಬಿಚ್ಚಾಣಿಕೆಗೋ ಇಟ್ಟಿಗೆ ಗೂಡಿಗೋ ಬೇರೆ ಊರಿನಿಂದ ಬಂದ ಕುಟುಂಬಗಳಿಗೆ ಇದು ಗೊತ್ತಿರಲೇಬೇಕು. ಹೊಡೆಯುವುದು, ಅವಮಾನಿಸುವುದು, ಹೆಸರು ತೆಗೆದು ಹಾಕುವುದು ಕೂಡ ಕಾನೂನಿಗೆ ವಿರುದ್ಧ. ಬಹಳ ದಿನ ತಪ್ಪಿಸಿದ ಮಗು ಹೆದರದೆ ಮರಳಬಹುದು.

ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಮನೆಯ ಕೆಲಸಕ್ಕೆ ನೆರವಾಗುವುದಾದರೂ ಅದು ಅಪಾಯಕಾರಿ ಆಗಿರಬಾರದು, ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ ಮಾತ್ರ. ಗೂಡು ಬೇಯುವ ಬಿಸಿನೀರಿನ ಬಳಿ ಮಗುವಿಗೆ ಯಾವ ಹೊತ್ತಿನಲ್ಲೂ ಕೆಲಸವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಶಾಲಾಭಿವೃದ್ಧಿ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಹುಳು ಹಣ್ಣಾಗುವ ವಾರ ಯಾವ ಮನೆಯಲ್ಲಿ ಬರುತ್ತದೆಂದು ಆ ತಾಯಂದಿರಿಗೆ ಮುಂಚೆಯೇ ಗೊತ್ತಿರುತ್ತದೆ. ಮುಂದಿನ ಸಭೆಯಲ್ಲಿ ಆ ವಿಷಯ ಎತ್ತಿ. ಮುಯ್ಯಾಳಾಗಿ ದೊಡ್ಡವರು ಒಬ್ಬರ ಮನೆಗೆ ಒಬ್ಬರು ಹೋಗುವ ಏರ್ಪಾಡು ಮಾಡಿಕೊಳ್ಳಿ. ಕೆಲಸಕ್ಕೆ ಸಿಕ್ಕಿಬಿದ್ದ ಮಗು ಕಂಡರೆ 1098ಕ್ಕೆ ಕರೆ ಮಾಡಿ.