ಕೂಸೂ ಕುನ್ನಿಯೂ

ಮಗುವನ್ನು ನಾಯಿಮರಿಗೆ ಹೋಲಿಸಿದರೆ ತಾಯಂದಿರು ಮುನಿಯುತ್ತಾರೆ. ನಾಯಿ ಸಾಕಿದವರಂತೂ, ತಮ್ಮ ನಾಯಿ ಅಷ್ಟು ಹಟಮಾರಿಯಲ್ಲವೆಂದು ಇನ್ನೂ ಹೆಚ್ಚು ಮುನಿಯುತ್ತಾರೆ. ಈ ಉಭಯ ಪಕ್ಷಗಳ ಕೋಪಕ್ಕೂ ಸಿದ್ಧರಾಗಿಯೇ ನಾವು ಲೇಖನಿ ಹಿಡಿದಿದ್ದೇವೆ. ಕೊಂಢವಾದಲ್ಲಿ ಸಂಸಾರ ಹೂಡಿದವರು ಈ ಹೋಲಿಕೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಂಜೆ ಆರರ ಹೊತ್ತಿಗೆ ಯಾವುದಾದರೊಂದು ಸೊಸಾಯಟಿಯ ಅಂಗಳದಲ್ಲಿ ನಿಂತರೆ ಸಾಕು. ಒಂದು ಕಡೆ ಹಗ್ಗ ಜಗ್ಗುವ ಕುನ್ನಿ. ಇನ್ನೊಂದು ಕಡೆ ಅಪ್ಪನ ಬೆರಳು ಜಗ್ಗುವ ಎರಡು ವರ್ಷದ ಕೂಸು. ಎರಡಕ್ಕೂ ದೊರೆಯುವ ಮಾತು ಒಂದೇ: ‘ಕಮ್’, ‘ಸಿಟ್’, ‘ನೋ’, ‘ಗುಡ್ ಬಾಯ್’. ಕಣ್ಣು ಮುಚ್ಚಿ ಕೇಳಿದವನಿಗೆ ಯಾವ ಅಪ್ಪಣೆ ಯಾರಿಗೆಂದು ತಿಳಿಯುವುದು ಕಷ್ಟ.

ಹೋಲಿಕೆಯೇನೋ ನಿಜವಾದದ್ದೇ. ಅಮೆರಿಕದ ಥಾರ್ನ್‌ಡೈಕ್ ಎಂಬ ಪಂಡಿತರು 1898ರಲ್ಲಿ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅಗುಳಿ ಸರಿಸಿ ಹೊರಬಂದರೆ ಆಹಾರ ಸಿಗುವಂತೆ ಮಾಡಿ ನೋಡಿದರು. ಯಾವ ಕೆಲಸದ ಹಿಂದೆಯೇ ಸುಖ ಬರುವುದೋ ಆ ಕೆಲಸ ಮರಳಿ ಮರಳಿ ನಡೆಯುತ್ತದೆಂದು ಅವರು ಕಂಡುಕೊಂಡರು. ನಾಯಿಯನ್ನು ಪಳಗಿಸುವವರ ವಿದ್ಯೆಯೆಲ್ಲ ಇದರ ಮೇಲೆಯೇ ನಿಂತಿದೆ. ಇಲ್ಲಿ ‘ಹಿಂದೆಯೇ’ ಎಂಬ ಮಾತು ಮುಖ್ಯ. ಮಧ್ಯಾಹ್ನ ಚಪ್ಪಲಿ ಕಡಿದ ಮರಿಗೆ ಸಂಜೆ ಒಡೆಯ ಬಂದು ಗದರಿದರೆ, ಒಡೆಯ ಮನೆಗೆ ಬರುವುದೇ ಅಪಾಯವೆಂದು ಅದು ಕಲಿಯುತ್ತದೆಯೇ ಹೊರತು ಚಪ್ಪಲಿಯ ವಿಚಾರ ಅದಕ್ಕೆ ಹೊಳೆಯುವುದಿಲ್ಲ. ‘ತಡೆ, ನಿಮ್ಮಪ್ಪ ಆಫೀಸಿನಿಂದ ಬರಲಿ’ ಎಂದು ಕೂಸನ್ನು ಬೆದರಿಸುವ ನಮ್ಮ ಮನೆಗಳ ಪದ್ಧತಿಯ ಫಲವೂ ಇದಕ್ಕಿಂತ ಬಹಳ ಬೇರೆಯಲ್ಲ.

ಇನ್ನು ಹಟದ ಮಾತು. ಕೂಸು ಬಿಸ್ಕೀಟಿಗಾಗಿ ನೆಲದ ಮೇಲೆ ಹೊರಳುತ್ತದೆ. ತಾಯಿ ಮನಸ್ಸು ಗಟ್ಟಿ ಮಾಡಿ ಒಂಬತ್ತು ದಿನ ಕೊಡುವುದಿಲ್ಲ. ಹತ್ತನೆಯ ದಿನ ವಿಜಾಪುರದಿಂದಲೋ ಧಾರವಾಡದಿಂದಲೋ ಅಜ್ಜಿ ಬಂದಿಳಿಯುತ್ತಾರೆ. “ಕೂಸು ಅಷ್ಟು ಅಳಾಕ್ಹತ್ತೇತಿ, ಒಂದು ಬಿಸ್ಕೀಟು ಕೊಟ್ಟರ ಏನಾತವ್ವಾ?” “ಇಲ್ರೀ ಅತ್ತಿ, ರೂಢಿ ಆಗತೈತ್ರಿ.” ಅಷ್ಟರಲ್ಲಿ ಬಿಸ್ಕೀಟು ಕೂಸಿನ ಕೈಯಲ್ಲಿರುತ್ತದೆ. ಊಟದ ಮೇಜಿನ ಕೆಳಗೆ ನಾಯಿಗೆ ಗುಟ್ಟಾಗಿ ಚಪಾತಿ ತುಂಡು ಜಾರಿಸುವವರೂ ಇದೇ ಪಂಗಡದವರು. ಪ್ರತಿಸಲ ಸಿಕ್ಕಿದ್ದಕ್ಕಿಂತ ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದರಿಂದಲೇ ಅಭ್ಯಾಸ ಹೆಚ್ಚು ಗಟ್ಟಿಯಾಗಿ ಬೇರೂರುತ್ತದೆಂಬುದು ಪ್ರಯೋಗಗಳಿಂದ ಸ್ಥಿರಪಟ್ಟ ಸಂಗತಿ. ಲಾಟರಿ ಕೊಳ್ಳುವವರನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಜ್ಜಿಯರ ಮೇಲೆ ನಮಗೆ ದೂರಿಲ್ಲ. ಕೊಡುವುದೇ ಆದರೆ ಅಳುವಿಗೆ ಮೊದಲು ಕೊಡಲೆಂಬುದಷ್ಟೇ ನಮ್ಮ ವಿನಂತಿ.

ನಮ್ಮ ನಾಡಿನದೇ ಆದ ಒಂದು ನಾಯಿಯನ್ನು ಇಲ್ಲಿ ನೆನೆಯದೆ ಇರಲಾರೆವು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. 2016ರಲ್ಲಿ ಭಾರತೀಯ ಸೇನೆ ಅದರ ಮರಿಗಳನ್ನು ಮೀರತ್ತಿನ ಕೇಂದ್ರಕ್ಕೆ ಒಯ್ದು ತರಬೇತು ಕೊಡಲಾರಂಭಿಸಿತು. ಇದು ಮೂಗಿಗಿಂತ ಕಣ್ಣನ್ನು ನಂಬಿ ಓಡುವ ಜಾತಿ. ಮೊಲ ಒಮ್ಮೆ ಕಣ್ಣಿಗೆ ಬಿದ್ದಮೇಲೆ ಹಿಂದಿನಿಂದ ಎಷ್ಟು ಕೂಗಿದರೂ ಕಿವಿಗೆ ಹೋಗುವುದು ಕಡಿಮೆ. ಆದಕಾರಣ ಬಲ್ಲವರು ಬಯಲಿನಲ್ಲಿ ಹಗ್ಗ ಬಿಚ್ಚುವ ಮೊದಲೇ ಸುತ್ತ ನೋಡಿಕೊಳ್ಳುತ್ತಾರೆ. ಕೂಸಿನ ಕಣ್ಣೂ ಮುಧೋಳದ್ದೇ. ಒಲೆಯ ಮೇಲಿನ ಪಾತ್ರೆಯ ಹಿಡಿ ಹೊರಗೆ ಚಾಚಿರುವಾಗ ‘ಮುಟ್ಟಬೇಡ’ ಎಂದು ನೂರು ಸಲ ಕೂಗುವುದಕ್ಕಿಂತ ಆ ಹಿಡಿಯನ್ನು ಗೋಡೆಯ ಕಡೆ ತಿರುಗಿಸುವುದು ಮೇಲು. ಅಂದಹಾಗೆ, ನಾಯಿ ಎಷ್ಟೇ ಸಾಧುವಾಗಿರಲಿ, ಕೂಸನ್ನೂ ಅದನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಹಿರಿಯರು ಹೊರಗೆ ಹೋಗಬಾರದು. ಕಡಿತವಾದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ವೈದ್ಯರಲ್ಲಿಗೆ ಓಡಬೇಕು.

ಮರಿಯನ್ನು ಪಳಗಿಸುವವರು ಹೇಳುವ ಇನ್ನೊಂದು ನಿಯಮ, ಒಂದು ಕೆಲಸಕ್ಕೆ ಒಂದೇ ಶಬ್ದ. ಪುಣೆಯ ಕನ್ನಡ ಮನೆಗಳಲ್ಲಿ ಇದು ಸುಲಭವಲ್ಲ. ಯಜಮಾನರು ‘ಬಸ್!’ ಎಂದರೆ ‘ಸಾಕು ಮಾಡು’ ಎಂದರ್ಥ. ಪಾತ್ರೆ ತೊಳೆಯಲು ಬರುವ ಮಾವಶಿ ‘ಬಸ್’ ಎಂದರೆ, ಮರಾಠಿಯಲ್ಲಿ, ‘ಕುಳಿತುಕೋ’. ಬೊಗಳುವುದನ್ನು ನಿಲ್ಲಿಸಬೇಕೋ, ಕೂಡಬೇಕೋ? ಮರಿ ಎರಡು ಮುಖಗಳನ್ನೂ ನೋಡಿ ಆಕಳಿಸುತ್ತದೆ. ಅದೇ ಮನೆಯ ಮೂರು ವರ್ಷದ ಕೂಸಾದರೋ ಅಪ್ಪನ ‘ಬಸ್’, ಮಾವಶಿಯ ‘ಬಸ್’, ರಸ್ತೆಯಲ್ಲಿ ಹೋಗುವ ಕೆಂಪು ‘ಬಸ್ಸು’ ಮೂರನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿರುತ್ತದೆ.

ನಾಯಿಗೆ ಭಾಷಾಭೇದ ತಿಳಿಯುವುದೇ ಇಲ್ಲವೆಂದಲ್ಲ. ಲಾರಾ ಕುವಾಯಾ ಎಂಬ ವಿಜ್ಞಾನಿ ಮೆಕ್ಸಿಕೊದಿಂದ ಹಂಗೇರಿಗೆ ಹೋಗುವಾಗ ಕುನ್‌ಕುನ್ ಎಂಬ ತಮ್ಮ ನಾಯಿಯನ್ನೂ ಕರೆದೊಯ್ದರು. ಸ್ಪ್ಯಾನಿಷ್ ಕೇಳಿ ಬೆಳೆದ ಅದಕ್ಕೆ ಹಂಗೇರಿಯ ಜನರ ಮಾತು ಬೇರೆಯೆನಿಸುವುದೇ ಎಂಬ ಕುತೂಹಲ ಅವರಿಗೆ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 18 ನಾಯಿಗಳ ಮೆದುಳನ್ನು ಪರೀಕ್ಷಿಸಿದಾಗ, ಬಲ್ಲ ಭಾಷೆಗೂ ಅರಿಯದ ಭಾಷೆಗೂ ಮೆದುಳು ಬೇರೆ ಬೇರೆ ರೀತಿ ಸ್ಪಂದಿಸಿತು. ವಲಸೆ ಬಂದವರಿಗೆ ಈ ಸುದ್ದಿ ತುಸು ಹೆಚ್ಚೇ ಆಪ್ತವೆನಿಸುವುದು ಸಹಜ.

ಆದರೆ ಹೋಲಿಕೆಯ ಹಾದಿ ಕವಲೊಡೆಯುವುದೂ ಇಲ್ಲಿಯೇ. ಕೆನಡಾದ ಸ್ಟಾನ್ಲಿ ಕೋರೆನ್ ಅವರ ಅಂದಾಜಿನಂತೆ ಸಾಮಾನ್ಯ ನಾಯಿಗೆ 165ರಷ್ಟು ಶಬ್ದಗಳ ಪರಿಚಯವಾಗಬಲ್ಲದು. ಅವರು ಅದನ್ನು ಎರಡು ವರ್ಷದ ಮಗುವಿನ ಬುದ್ಧಿಗೆ ಹೋಲಿಸುತ್ತಾರೆ. ಚೇಸರ್ ಎಂಬ ಅಮೆರಿಕದ ನಾಯಿ 1022 ಆಟಿಕೆಗಳ ಹೆಸರು ಕಲಿತಿತ್ತೆಂದು 2011ರಲ್ಲಿ ವರದಿಯಾಯಿತು. ವರ್ಷಗಟ್ಟಲೆ ದಿನಕ್ಕೆ ಹಲವು ತಾಸು ಕಲಿಸಿದ ಫಲವದು. ಕೂಸಿಗೆ ಅಂಥ ಪಾಠ ಬೇಡ. ಅದರ ಮುಂದೆ, ಅದರೊಡನೆ, ಮಾತನಾಡಿದರಾಯಿತು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುತ್ತಿರುವುದೇನು? ಗಂಡ ಹೆಂಡತಿ ಜಗಳಕ್ಕೂ ಸರಸಕ್ಕೂ ಕನ್ನಡವನ್ನಿಟ್ಟುಕೊಂಡು, ಕೂಸಿನ ಕಡೆ ತಿರುಗಿದೊಡನೆ ‘ಕಮ್, ಸಿಟ್, ಈಟ್, ಡೋಂಟ್ ಟಚ್’ ಎನ್ನುತ್ತಾರೆ. ಶಾಲೆಗೆ ಅನುಕೂಲವಾಗಲೆಂಬ ಸದುದ್ದೇಶ ಇದ್ದೀತು. ಮನೆಯ ಹಿರಿಯರ ಇಂಗ್ಲಿಷು ಅಪ್ಪಣೆಯ ಗಡಿ ದಾಟುವುದಿಲ್ಲವಾದ್ದರಿಂದ ಕೂಸಿನ ಪಾಲಿಗೆ ಬರುವುದು ನಾಯಿಯ ಪಾಲಿನಷ್ಟೇ ಮಾತು. ಎರಡು ಮೂರು ಭಾಷೆ ಕೇಳಿದರೆ ಮಗು ಗೊಂದಲಗೊಳ್ಳುವುದೆಂಬ ಭಯಕ್ಕೆ ಆಧಾರವಿಲ್ಲ. ಮಾತುಗಳನ್ನು ಬೆರಸಿ ಆಡುವುದು ಬೆಳವಣಿಗೆಯ ಸಹಜ ಹಂತ.

ನಾವು ಬೆರಳು ತೋರಿಸಿದ ಕಡೆ ನಾಯಿಯೂ ನೋಡುತ್ತದೆ, ಅಲ್ಲಿ ತಿನಿಸೇನಾದರೂ ಇದ್ದೀತೆಂದು. ವರ್ಷ ತುಂಬುವ ಹೊತ್ತಿಗೆ ಕೂಸು ತಾನೇ ಬೆರಳು ತೋರಿಸತೊಡಗುತ್ತದೆ. ಎಂಟನೆಯ ಮಾಳಿಗೆಯ ಬಾಲ್ಕನಿಯಿಂದ ಚಂದ್ರನನ್ನು ತೋರಿಸುವ ಕೂಸಿಗೆ ಅದು ಬೇಕಾಗಿರುವುದಿಲ್ಲ. ನೀವೂ ನೋಡಬೇಕು, ಅಷ್ಟೇ. ‘ಹೌದಪ್ಪಾ, ಚಂದಪ್ಪ ಬಂದಾನ, ನಿನ್ನೆ ಎಲ್ಲಿ ಹೋಗಿದ್ದನೋ’ ಎಂದು ಅಲ್ಲಿ ಮಾತು ಬೆಳೆಯುತ್ತದೆ. ಆಫೀಸಿನಿಂದ ಎಂಟಕ್ಕೆ ಮನೆ ಸೇರುವವರಿಗೂ ಇಷ್ಟಕ್ಕೆ ಸಮಯವಿರುತ್ತದೆ.

ನಾಯಿಗೆ ಇಂಗ್ಲಿಷೇ ಇರಲಿ, ನಮ್ಮ ತಕರಾರಿಲ್ಲ. ಆದರೂ ಅಪ್ಪಣೆಯ ಶಬ್ದ ಚಿಕ್ಕದಾಗಿಯೂ ಸ್ಪಷ್ಟವಾಗಿಯೂ ಇರಬೇಕೆಂದು ಬಲ್ಲವರು ಹೇಳುತ್ತಾರಲ್ಲ, ಬಾ, ತಾ, ಬಿಡು, ಕೂಡು, ಸಾಕು ಇವಕ್ಕಿಂತ ಚಿಕ್ಕವು ಬೇಕೆ? ‘ಬಸ್’ ಎಂಬ ತಂಟೆಯೂ ತಪ್ಪುತ್ತದೆ.