ಗಾಲಿಯೊಳಗಿನ ಉರುಳೆಗಳು: ಹಳೆಯ ಜೀಪಿಗೆ ಹೊಸ ಬೇರಿಂಗ್ ಆರಿಸುವುದು ಹೇಗೆ?



ಕೆಲವು ವರ್ಷಗಳ ಹಿಂದೆ ಚಿತ್ರೀಕರಣ ಮುಗಿಸಿ ಹಳೆಯ ಜೀಪೊಂದರಲ್ಲಿ ಘಟ್ಟ ಇಳಿಯುತ್ತಿದ್ದೆವು. ಮುಂದಿನ ಗಾಲಿಯೊಂದರಿಂದ 'ಗುಂಯ್' ಎಂಬ ಶಬ್ದ. ಜೀಪು ಬಲಕ್ಕೆ ತಿರುಗಿದಾಗಲೆಲ್ಲ ಅದು ಜೋರಾಗುತ್ತಿತ್ತು. ಬಲಕ್ಕೆ ತಿರುಗುವಾಗ ಭಾರ ಎಡಗಡೆಗೆ ವಾಲುತ್ತದೆ. ಆದ್ದರಿಂದ ಅನುಮಾನ ಎಡಗಾಲಿಯ ಮೇಲೆ. ನಿಲ್ಲಿಸಿ ನೋಡಿದರೆ ಅದರ ಹಬ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು. ಹದಿನೈದು ದಿನಗಳ ಹಿಂದಷ್ಟೇ ಅದಕ್ಕೆ ಹೊಸ ಬೇರಿಂಗ್ ಹಾಕಿಸಲಾಗಿತ್ತು! ಬಿಚ್ಚಿದಾಗ ಗುಟ್ಟು ತಿಳಿಯಿತು. ಹೊಸ ರೋಲರುಗಳನ್ನು ಸವೆದ ಹಳೆಯ ಕಪ್ಪಿನಲ್ಲೇ ಕೂರಿಸಿದ್ದರು. ಉಳಿದದ್ದು ಸ್ವಲ್ಪ ಹಣ. ಗಾಲಿ ಬಿಗಿದುಕೊಂಡಿದ್ದರೆ ಅಥವಾ ಕಳಚಿದ್ದರೆ ಹೋಗುತ್ತಿದ್ದುದು ನಮ್ಮ ಪ್ರಾಣ.

ಏನಿದರ ಕೆಲಸ?

ಮೇಜಿನ ಮೇಲೆ ದಪ್ಪ ಪುಸ್ತಕವನ್ನು ತಳ್ಳಿ ನೋಡಿ. ಬಳಿಕ ಅದರಡಿ ನಾಲ್ಕು ದುಂಡು ಪೆನ್ಸಿಲ್ ಇಟ್ಟು ತಳ್ಳಿ. ಜಾರುವುದಕ್ಕಿಂತ ಉರುಳುವುದು ಸುಲಭ. ಬೇರಿಂಗಿನ ತತ್ತ್ವವೇ ಇದು. ಆದರೆ ಗಾಲಿಯ ಮೇಲೆ ವಾಹನದ ಭಾರವಲ್ಲದೆ, ತಿರುವಿನಲ್ಲಿ ಪಕ್ಕದ ಒತ್ತಡವೂ ಬೀಳುತ್ತದೆ. ಎರಡನ್ನೂ ತಡೆಯಲು ಒಂದು ತುದಿ ಸಣ್ಣದಾದ, ಶಂಕುವಿನಾಕಾರದ ರೋಲರುಗಳು ಬೇಕು. ಇಂಥ ಬೇರಿಂಗಿಗೆ ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದರು. ರೋಲರುಗಳ ಸಮೇತವಾದ ಒಳಭಾಗ 'ಕೋನ್', ಹೊರಬಳೆ 'ಕಪ್'. ಒಂದು ಬೇರಿಂಗ್ ಒಂದೇ ದಿಕ್ಕಿನ ಪಕ್ಕದೊತ್ತಡವನ್ನು ತಡೆಯಬಲ್ಲದು. ಆದ್ದರಿಂದ ಹಳೆಯ ಲಾರಿ, ಜೀಪುಗಳ ಹಬ್ಬಿನಲ್ಲಿ ಸಾಮಾನ್ಯವಾಗಿ ಎರಡನ್ನು ಎದುರುಬದುರಾಗಿ ಕೂರಿಸಿರುತ್ತಾರೆ.

ಸಂಖ್ಯೆಯ ಭಾಷೆ

ಬೇರಿಂಗಿನ ಮೇಲೆ 30208 ಎಂದು ಕೆತ್ತಿದೆ ಎನ್ನೋಣ. ಕೊನೆಯ ಎರಡಂಕಿ 08ನ್ನು 5ರಿಂದ ಗುಣಿಸಿ. ಒಳವ್ಯಾಸ 40 ಮಿಲಿಮೀಟರ್! ಈಗ 32208 ನೋಡಿ. ಒಳವ್ಯಾಸ ಇದಕ್ಕೂ 40, ಹೊರವ್ಯಾಸವೂ ಎರಡಕ್ಕೂ 80. ಆದರೆ ಮೊದಲನೆಯದರ ಅಗಲ 19.75, ಎರಡನೆಯದರದು 24.75 ಮಿ.ಮೀ. 'ಆಕ್ಸಲಿಗೆ ಸರಿಯಾಗಿ ಕೂತಿತು' ಎಂದರೆ ಸಾಲದು ಎಂಬುದು ಇದರಿಂದ ಸ್ಪಷ್ಟ. ಅಂಗುಲದ ಅಳತೆಯ ಬೇರಿಂಗುಗಳಿಗೆ ಈ ಲೆಕ್ಕ ಹೊಂದದು. ಅಲ್ಲಿ ಕೋನಿಗೂ ಕಪ್ಪಿಗೂ ಬೇರೆ ಬೇರೆ ಸಂಖ್ಯೆ. ಎರಡನ್ನೂ ಬರೆದುಕೊಳ್ಳಬೇಕು.

ಭಾರ ಮತ್ತು ಆಯುಷ್ಯ

ಭಾರ ಇಮ್ಮಡಿಯಾದರೆ ಬೇರಿಂಗಿನ ಆಯುಷ್ಯ ಅರ್ಧವಾದೀತೆಂದು ನೀವು ಊಹಿಸಬಹುದು. ಹಾಗಲ್ಲ. ಗುಂಡಿನ ಬೇರಿಂಗಿನಲ್ಲಿ ಅದು ಎಂಟರಲ್ಲೊಂದು ಭಾಗಕ್ಕೆ, ರೋಲರ್ ಬೇರಿಂಗಿನಲ್ಲಿ ಸುಮಾರು ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಮಿತಿಮೀರಿ ಸರಕು ಹೇರಿದ ಲಾರಿಯ ಗಾಲಿಗಳು ಬೇಗ ಕೆಡುವುದಕ್ಕೆ ಇದೂ ಒಂದು ಕಾರಣ. ಕಡಿಮೆ ಸಾಮರ್ಥ್ಯದ ಬೇರಿಂಗ್ ಅಗ್ಗವೆಂದು ಕೊಂಡರೆ ಆಗುವುದೂ ಇದೇ.

ಕೊಳ್ಳುವಾಗ, ಕೂರಿಸುವಾಗ

ಹಳೆಯ ಬೇರಿಂಗಿನ ಸಂಖ್ಯೆಯನ್ನು ವಾಹನದ ಕೈಪಿಡಿಯೊಡನೆ ತಾಳೆ ನೋಡಿ. ಹಿಂದಿನವರು ತಪ್ಪಾದುದನ್ನು ಹಾಕಿರಲೂಬಹುದು. ಕಪ್ ಮತ್ತು ಕೋನ್ ಜೊತೆಯಾಗಿಯೇ ಬದಲಾಗಬೇಕು. ಹಳೆಯ ಕಪ್ಪಿನ ಗುಳಿಗಳು ಹೊಸ ರೋಲರುಗಳನ್ನು ಕೆಡಿಸುತ್ತವೆ. ಆಯಿಲ್ ಸೀಲ್, ಸ್ಪ್ಲಿಟ್ ಪಿನ್ ಸಹ ಹೊಸದಿರಲಿ. ನಕಲಿ ಮಾಲು ಉಂಟು. ಅಧಿಕೃತ ಮಾರಾಟಗಾರರಿಂದ ರಸೀದಿ ಪಡೆದೇ ಕೊಳ್ಳಿ. ನಟ್ಟನ್ನು ಅತಿಯಾಗಿ ಬಿಗಿದರೆ ಬೇರಿಂಗ್ ಕಾಯುತ್ತದೆ, ಸಡಿಲ ಬಿಟ್ಟರೆ ಗಾಲಿ ಅಲುಗುತ್ತದೆ. ಎಷ್ಟು ಬಿಗಿಯಬೇಕೆಂಬುದು ಕೈಪಿಡಿಯಲ್ಲಿರುತ್ತದೆ.

ಈಚಿನ ಅನೇಕ ವಾಹನಗಳಲ್ಲಿ ಹಬ್ ಮತ್ತು ಬೇರಿಂಗ್ ಸೇರಿ ಒಂದೇ ಮುಚ್ಚಿದ ಘಟಕ. ಅಲ್ಲಿ ಬೋಲ್ಟಿನ ರಂಧ್ರಗಳೂ, ಎಬಿಎಸ್ ಬ್ರೇಕಿನ ಸಂವೇದಕವೂ ಹೊಂದಬೇಕು.

ಮುಂದಿನ ಸಲ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಬಿಸಾಡಿದ ಬೇರಿಂಗೊಂದನ್ನು ಕೇಳಿ ಪಡೆಯಿರಿ. ಒರೆಸಿ, ಸಂಖ್ಯೆ ಓದಿ, ಐದರಿಂದ ಗುಣಿಸಿ, ಅಳೆದು ನೋಡಿ. ಲೆಕ್ಕ ಸರಿಹೋಯಿತೇ?